ಕೆಳಗಿನ ಬಂಡೆಯ ಬೆಲ್ಲ

ಪಚ್. ಸ್ವಲ್ಪ ತಡೆದು ಮತ್ತೊಮ್ಮೆ, ಪಚ್. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ, ಆದರೆ ಅದಕ್ಕಿಂತ ದಪ್ಪನೆಯ ಸೋಮಾರಿ ಸದ್ದು. ಕಾವಲು ಗೋಪುರದ ಮೇಲೆ ಕೂತ ನಮಗೆ ಎದುರಿನ ಗುಡ್ಡದಿಂದ ಅದು ಕೇಳಿಸುವ ಹೊತ್ತಿಗೆ ಅಲ್ಲಿ ಬಗ್ಗಿದ್ದ ಮನುಷ್ಯನ ಕೈ ಆಗಲೇ ಬಕೆಟ್ಟಿಗೆ ವಾಪಸು ಹೋಗಿರುತ್ತಿತ್ತು. ಬೆಲ್ಲ ಮತ್ತು ಶೇಂಗಾ ಹಿಂಡಿ ಕಲಸಿದ ಮುದ್ದೆಯನ್ನು ಬಂಡೆಯ ಗುಳಿಗಳಿಗೆ ಮೆತ್ತುವ ಸದ್ದು ಅದು. ಮಧ್ಯಾಹ್ನ ಮೂರಕ್ಕೆ ಮೆತ್ತಿದರೆ ನಾಲ್ಕೂವರೆ, ಐದರ ಹೊತ್ತಿಗೆ ಕರಡಿಗಳು ಇಳಿದು ಬರುತ್ತಿದ್ದವು.

ಆ ಕಾಡಿನ ಹೆಸರು ನಾನು ಬರೆಯುವುದಿಲ್ಲ. ದರೋಜಿಯ ಹೆಸರಾಂತ ಕರಡಿಧಾಮ ಅದಲ್ಲ, ಅಷ್ಟು ಹೇಳುತ್ತೇನೆ. ಅಲ್ಲಿಯದನ್ನು ನೋಡಿ ಇಲ್ಲಿಯೂ ಬೆಲ್ಲ ಮೆತ್ತುವ ಪದ್ಧತಿ ಶುರು ಮಾಡಿದ್ದರು. ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಳುವ ಗುಡ್ಡಗಳ ಸೆರಗಿನಲ್ಲಿದ್ದ ಸಣ್ಣ ಮೀಸಲು ಕಾಡು. ಮೂರು ಖಾಕಿ ಟೆಂಟು, ಒಂದು ಬಾವಿ, ಒಂದು ಗೋಪುರ, ಹಂಪಿಯಲ್ಲಿರುವಂಥವೇ ಬಂಡೆಗಳು, ಆದರೆ ಯಾವ ರಾಜನೂ ಮುಟ್ಟದವು. ಒಮ್ಮೆ ಅದರ ಹೆಸರು, ಅಲ್ಲಿಯ ಬಂಡೆ, ಅಲ್ಲಿಯ ಮನುಷ್ಯ, ಎಲ್ಲವನ್ನೂ ಚಂದದ ಇಂಗ್ಲಿಷಿನಲ್ಲಿ ಬರೆದು ಆಗಬಾರದ್ದು ಆಗಿದೆ. ಇನ್ನೊಮ್ಮೆ ಬರೆಯಲಾರೆ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಸಪೇಟೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿ, ಚಿತ್ತವಾಡ್ಗಿಯ ಮನೆಯಲ್ಲಿ ಪುಸ್ತಕ ಮತ್ತು ತೀರಿಹೋದ ಪತಿಯ ಬೈನಾಕ್ಯುಲರ್ ಇಟ್ಟುಕೊಂಡು ಕೂತಿದ್ದೆ. ಕಂಪ್ಲಿಯಲ್ಲಿ ನನ್ನ ನಾದಿನಿ, ಪತಿಯ ತಂಗಿ, ಅಕ್ಕಿ ಗಿರಣಿ ನಡೆಸುತ್ತಿದ್ದಳು. ಅವಳಿಗೂ ಗಂಡ ಹೋಗಿದ್ದ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿತ್ತು. ಕಾಡಿನಲ್ಲಿ ಪಿಸುಗುಟ್ಟಬೇಕು ಎಂದರೆ ಅವಳ ಪಿಸುಮಾತಿಗೇ ಗೌಜಲ ಹಕ್ಕಿಗಳು ಪುರ್ರೆಂದು ಏಳುತ್ತಿದ್ದವು. ಎರಡು ಮೂರು ತಿಂಗಳಿಗೊಮ್ಮೆ ನಾವಿಬ್ಬರೂ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಥರ್ಮಾಸು ಕಟ್ಟಿಕೊಂಡು ಬಸ್ಸು ಹತ್ತಿ, ಕ್ರಾಸಿನಲ್ಲಿಳಿದು, ಬಂಡಿದಾರಿಯಲ್ಲಿ ಎರಡು ಮೈಲಿ ನಡೆದು ಆ ಕಾಡಿಗೆ ಹೋಗುತ್ತಿದ್ದೆವು. ಒಂದು ರಾತ್ರಿ ಟೆಂಟಿನಲ್ಲಿದ್ದು, ಬೆಳಗಿನ ವಾಕ್ ಮುಗಿಸಿ ವಾಪಸು. ಈ ವಯಸ್ಸಿನಲ್ಲಿ ಕಾಡೇಕೆ ಎಂದು ಜನ ಕೇಳಿದರೆ ನಾದಿನಿಯ ಬಳಿ ಉತ್ತರ ತಯಾರಿತ್ತು.

"ಹಂಪಿಗೆ ಹೋದ್ರ ಫಾರಿನ್ನೋರು, ಗುಡಿಗೆ ಹೋದ್ರ ಬೀಗ್ರು. ಕರಡಿ ಛಲೋ. ತಿಂದು ಸುಮ್ಕ ಹೋಗ್ತೈತಿ, ನಿಮ್ ಸೊಸಿ ಹೆಂಗದಾಳ ಅಂತ ಕೇಳಂಗಿಲ್ಲ."

ಬೆಲ್ಲ ಮೆತ್ತುತ್ತಿದ್ದವನು ಅಲ್ಲಿಯ ವಾಚರ್. ಐವತ್ತರ ಆಸುಪಾಸಿನ ಮನುಷ್ಯ, ಪಕ್ಕದ ಹಳ್ಳಿಯವನು, ಸಣ್ಣ ಮೈ, ದೊಡ್ಡ ಅಂಗೈ. ಖಾಕಿ ಶರ್ಟು ಇತ್ತು, ಆದರೆ ಅದರ ಮೇಲೆ ಬಿಲ್ಲೆ ಇರಲಿಲ್ಲ. ಹದಿನೆಂಟು ವರ್ಷದಿಂದ ದಿನಗೂಲಿಯ ಮೇಲಿದ್ದವನಿಗೆ ಬಿಲ್ಲೆ ಕೊಡುವುದಿಲ್ಲವಂತೆ. ಕಾಡಿನ ಬಗ್ಗೆ ನನ್ನ ಗೈಡ್‌ಬುಕ್ಕಿಗಿಂತ ಅವನಿಗೆ ಹೆಚ್ಚು ಗೊತ್ತಿತ್ತು. ಬೆಳಗಿನ ವಾಕಿನಲ್ಲಿ ಕರಡಿ ಒಡೆದ ಹುತ್ತದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಯಾವ ಕಡೆಯಿಂದ ಬಂತು, ಎಷ್ಟು ಹೊತ್ತು ಗೆದ್ದಲು ಹೀರಿತು, ಯಾವುದಕ್ಕೆ ಬೆದರಿ ಎದ್ದಿತು ಎಂದು ಹೇಳುತ್ತಿದ್ದ. ಕರಡಿಯ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ, ಬಾರಿ ಬೀಜ, ಕಕ್ಕೆ ಬೀಜ, ಕವಳಿ ಬೀಜ ಎಂದು ಬೇರೆ ಬೇರೆ ಸಾಲು ಇಡುತ್ತಿದ್ದ. ನಾದಿನಿ ಮೂಗು ಮುಚ್ಚಿಕೊಂಡರೆ, "ನಮಗಿಂತ ಛಲೋ ತಿಂತಾವ್ರಿ ಅಮ್ಮಾರ, ವಾಸನಿನ ಇಲ್ಲ" ಎನ್ನುತ್ತಿದ್ದ. ಬೆಲ್ಲ ಮೆತ್ತಿದ ದಿನ ಎಷ್ಟು ತೊಳೆದರೂ ಕೈಯ ಸಿಹಿ ಹೋಗುವುದಿಲ್ಲ, ಹಾಸಿಗೆ ತುಂಬ ಇರುವೆ ಎಂದು ಹೆಂಡತಿ ತನ್ನನ್ನು ಹೊರಗಿನ ಕಟ್ಟೆಯ ಮೇಲೆ ಮಲಗಿಸುತ್ತಾಳೆ ಎಂದು ನಗುತ್ತಿದ್ದ.

ಬೆಲ್ಲ ಮೆತ್ತುವುದಕ್ಕೂ ಅವನದೊಂದು ರೀತಿ ಇತ್ತು. ಯಾವಾಗಲೂ ಮೇಲಿನ ಬಂಡೆ, ಗುಡ್ಡದ ಅರ್ಧ ಎತ್ತರದಲ್ಲಿರುವುದು. ಗೋಪುರದಿಂದ ಬೈನಾಕ್ಯುಲರ್ ಇಲ್ಲದಿದ್ದರೆ ಕರಡಿ ಅಲ್ಲಿ ಕಪ್ಪು ಗಂಟಿನ ಹಾಗೆ ಕಾಣುತ್ತದೆ. ಇನ್ನೂ ಕೆಳಗೆ, ಬಂಡಿದಾರಿಯ ಪಕ್ಕದಲ್ಲಿ, ಚಪ್ಪಟೆಯ ದೊಡ್ಡ ಬಂಡೆಯೊಂದಿತ್ತು. ಅಲ್ಲಿ ಮೆತ್ತಿದರೆ ಎಲ್ಲರಿಗೂ ಬರಿಗಣ್ಣಿಗೇ ಕಾಣುತ್ತಲ್ಲ ಎಂದು ಮೊದಲ ಸಲ ಕೇಳಿದ್ದು ನಾನೇ. ಅವನು ತಲೆ ಅಲ್ಲಾಡಿಸಿದ. ಕರಡಿ ಮನುಷ್ಯರ ಕಡೆಗೆ ಹೆಜ್ಜೆ ಇಡುವುದನ್ನು ಕಲಿಯಬಾರದು, ಒಮ್ಮೆ ಕಲಿತರೆ ಬಂಡೆಗೆ ನಿಲ್ಲುವುದಿಲ್ಲ, ದಾರಿಗೆ ಬರುತ್ತದೆ, ಆಮೇಲೆ ಊರಿಗೆ ಬರುತ್ತದೆ, ಆಮೇಲೆ ಸಾಯುತ್ತದೆ ಎಂದ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬರುವ ಕರಡಿಗಳಲ್ಲಿ ಒಂದು ತಾಯಿ ಇತ್ತು. ಉಳಿದವೆಲ್ಲ ತಿಂದು ಹೋದ ಮೇಲೆ, ಕೊನೆಗೆ, ಬೆನ್ನ ಮೇಲೆ ಮರಿ ಕೂರಿಸಿಕೊಂಡು ಬರುತ್ತಿತ್ತು. ಅವನು ಅದನ್ನು ಹಿರೇಸೊಸಿ ಎನ್ನುತ್ತಿದ್ದ. ಎಲ್ಲರದೂ ಊಟ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳು. ಅವಳಿಗೆಂದು ಒಂದು ಆಳವಾದ ಗುಳಿಯಲ್ಲಿ ಸ್ವಲ್ಪ ಜಾಸ್ತಿ ಒತ್ತಿ, ಮೇಲೆ ಚಪ್ಪಟೆ ಕಲ್ಲು ಮುಚ್ಚಿಡುತ್ತಿದ್ದ. ಬೇರೆ ಕರಡಿಗಳಿಗೆ ಆ ಕಲ್ಲು ಸರಿಸುವ ಬುದ್ಧಿ ಬರಲಿಲ್ಲ. ಅವಳಿಗೆ ಬಂತು.

ಒಂದು ಚಳಿಗಾಲದಲ್ಲಿ ಅವನು ನನ್ನನ್ನು ಬಾವಿಯ ಹತ್ತಿರ ಕರೆದು, ಸಂಕೋಚದಿಂದ, ಒಂದು ಅರ್ಜಿ ಬರೆದುಕೊಡುತ್ತೀರಾ ಎಂದು ಕೇಳಿದ. ದಿನಗೂಲಿಯವರಲ್ಲಿ ಹಳಬರನ್ನು ಪರ್ಮನೆಂಟ್ ಮಾಡುತ್ತಾರಂತೆ. ಇಂಗ್ಲಿಷಿನಲ್ಲಿದ್ದರೆ ಮೇಲಿನವರು ಓದುತ್ತಾರಂತೆ. ಅವನ ಹೆಂಡತಿ ಯಶವಂತನಗರದ ಕಡೆ ಅದಿರು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಸುತ್ತಿಗೆ ಹಿಡಿದು ದಿನವಿಡೀ ಕೆಂಪು ಕಲ್ಲು ಕುಟ್ಟುವುದು. ಎರಡು ವರ್ಷದಿಂದ ಕೆಮ್ಮು ಬಿಟ್ಟಿರಲಿಲ್ಲ. "ಪರ್ಮನೆಂಟ್ ಆತಂದ್ರ ಮೊದಲ ಆಕಿ ಸುತ್ತಿಗಿ ಕಸಗೊಂಡು ಬಾವ್ಯಾಗ ಒಗಿತೀನ್ರಿ" ಎಂದ. ಅವನ ಆಸೆ ಅಷ್ಟೇ. ನಾನು ಬರೆದೆ. ಎರಡು ತಿಂಗಳಿಗೆ ಉತ್ತರ ಬಂತು: ಪಟ್ಟಿಯಲ್ಲಿ ಹೆಸರಿದೆ, ಅಂಡರ್ ಕನ್ಸಿಡರೇಷನ್. ಅವನು ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದ. ಐ ವಾಸ್ ಸೋ ಪ್ರೌಡ್. ನನ್ನ ಇಂಗ್ಲಿಷ್ ಕೊನೆಗೂ ಒಬ್ಬರಿಗೆ ಉಪಯೋಗಕ್ಕೆ ಬಂತು ಎಂದುಕೊಂಡೆ.

ಆ ವರ್ಷಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಕಡೆ ಜನಕ್ಕೆ ಕಬ್ಬಿಣದ ಅದಿರಿನ ಮಣ್ಣಿನ ಹುಚ್ಚು ಹಿಡಿದಿತ್ತು. ಚೀನಾದವರು ಎಷ್ಟು ಅಗೆದು ಕೊಟ್ಟರೂ ಕೊಳ್ಳುತ್ತಾರೆ ಎಂದು ಸುದ್ದಿ. ಚಿತ್ತವಾಡ್ಗಿಯಲ್ಲಿ ಸೈಕಲ್ ಇಲ್ಲದವರು ಸಾಲ ಮಾಡಿ ಲಾರಿ ಕೊಂಡರು. ರಸ್ತೆಯಲ್ಲಿ ಲಾರಿ ನಿಂತರೆ ಮಧ್ಯಾಹ್ನದವರೆಗೆ ಕದಲುತ್ತಿರಲಿಲ್ಲ, ಆಂಬುಲೆನ್ಸೂ ಅದರ ಹಿಂದೆಯೇ. ಬಿಳಿ ಅನ್ನುವ ಬಣ್ಣವೇ ಊರು ಬಿಟ್ಟು ಹೋಯಿತು. ನನ್ನ ಹಳೆಯ ಶಾಲೆಯಲ್ಲಿ ಸೋಮವಾರದ ಅಸೆಂಬ್ಲಿಗೆ ಹುಡುಗಿಯರು ಬಿಳಿ ಕ್ಯಾನ್ವಾಸ್ ಶೂ ಹಾಕಿ ಬಂದರೆ ಪ್ರಾರ್ಥನೆ ಮುಗಿಯುವುದರೊಳಗೆ ಪಿಂಕ್. ಮೊಸರಿನ ಮೇಲೆ ಕೆಂಪು ಕೆನೆ. ಗುಡ್ಡಗಳನ್ನು ನೋಡಿದರೆ ಯಾರೋ ಕೇಕು ಕತ್ತರಿಸಿಟ್ಟ ಹಾಗೆ. ಇದಕ್ಕೆಲ್ಲ ಅವರು ಅಭಿವೃದ್ಧಿ ಎಂದರು, ನಾವೂ ಎಂದೆವು. ನಾವೂ ಎಂದೆವು ಎಂಬುದನ್ನು ಮರೆಯಬಾರದು. ನನ್ನ ಪಕ್ಕದ ಮನೆಯವರು ಹೊಸ ಮಹಡಿ ಕಟ್ಟಿದಾಗ ಪಾಯಸ ಉಂಡು ಬಂದವಳು ನಾನು.

ಕಾಡಿಗೂ ಅದು ಬಂತು. ಮೊದಲು ಎಲೆಗಳ ಮೇಲೆ ಧೂಳು. ಆಮೇಲೆ ನಾವು ನಡೆಯುತ್ತಿದ್ದ ಬಂಡಿದಾರಿಯಲ್ಲಿ ಲಾರಿಗಳು. ದೊಡ್ಡ ರಸ್ತೆಯ ಚೆಕ್‌ಪೋಸ್ಟ್ ತಪ್ಪಿಸಲು ಒಬ್ಬ ಕಂಡುಹಿಡಿದ ಅಡ್ಡದಾರಿ, ಒಂದೇ ವರ್ಷದಲ್ಲಿ ನೂರಾರು ಜನರ ದಾರಿಯಾಯಿತು. ಕೊನೆಗೆ ಅತಿಥಿಗಳು.

ಆ ಸಲ ಒಂದು ತಿಂಗಳ ಮೊದಲೇ ನಾವು ಟೆಂಟು ಬುಕ್ ಮಾಡಿದ್ದೆವು. ಹೋದರೆ ಕ್ಯಾಂಪಿನ ಗುಮಾಸ್ತ ರಿಜಿಸ್ಟರ್ ತೆರೆಯದೆಯೇ, ಗಣಿ ಮಾಲೀಕರೊಬ್ಬರ ಗೆಸ್ಟುಗಳು ಬಂದಿದ್ದಾರೆ, ಅಡ್ಜಸ್ಟ್ ಮಾಡ್ಕೊಳ್ರಿ ಮೇಡಂ ಎಂದ. ಮೂರೂ ಟೆಂಟು ಅವರಿಗೆ. ನಮಗೆ ಶೆಡ್ಡಿನ ಜಗುಲಿ. ಬಾವಿಯ ಸುತ್ತ ನಾಲ್ಕು ದೊಡ್ಡ ಬಿಳಿ ಗಾಡಿ ನಿಂತಿದ್ದವು, ಬಾವಿಕಟ್ಟೆಯ ಮೇಲೆ ಸ್ಪೀಕರು. ಬಿರಿಯಾನಿಯ ಹಂಡೆಯಂಥ ಡೇಗು ಬೇರೆ ಇಳಿಯುತ್ತಿತ್ತು. ನಾದಿನಿ ಗುಮಾಸ್ತನನ್ನು ಗಿರಣಿಯ ಗಂಟಲಿನಲ್ಲಿ ಬೈದಳು. ಅವನು ಕೇಳಿಸಿಕೊಂಡ, ಚಹಾ ತರಿಸಿದ, ಏನೂ ಬದಲಾಗಲಿಲ್ಲ.

ಮೂರು ಗಂಟೆಗೆ ಗೋಪುರ ಹತ್ತಿ ಕೂತೆವು. ಪಚ್ ಎಂದಿತು. ಆದರೆ ಹತ್ತಿರದಲ್ಲಿ, ಕೈ ಮತ್ತು ಸದ್ದು ಒಟ್ಟಿಗೇ. ನೋಡಿದರೆ ವಾಚರ್ ಕೆಳಗಿನ ಬಂಡೆಯ ಮೇಲೆ ಬಗ್ಗಿದ್ದಾನೆ. ಒಮ್ಮೆಯೂ ನಮ್ಮ ಕಡೆ ತಲೆ ಎತ್ತಲಿಲ್ಲ.

ಅತಿಥಿಗಳು ಹತ್ತಿ ಬಂದರು. ಹತ್ತು ಹನ್ನೆರಡು ಜನ, ಬೂಟು ಸಪ್ಪಳ, ಮೊಬೈಲಿನ ಹಾಡು, ಸೆಂಟು. ನಾಲ್ಕೂವರೆಗೆ ಮೊದಲು ಬಂದದ್ದು ಹಿರೇಸೊಸಿ. ಎಂದೂ ಕೊನೆಗೆ ಬರುತ್ತಿದ್ದವಳು ಮೊದಲು ಬಂದಳು. ಬೆನ್ನ ಮೇಲೆ ಮರಿ ಇರಲಿಲ್ಲ. ಬೆಲ್ಲಕ್ಕೆ ಮೂತಿ ಹಚ್ಚಲಿಲ್ಲ. ಬಂಡಿದಾರಿಗೆ ಹೋಗಿ, ನೆಲ ಮೂಸಿ, ಹಿಂದಿನ ಎರಡು ಕಾಲ ಮೇಲೆ ಎದ್ದು ನಿಂತು, ಅತ್ತ ಇತ್ತ ಗಾಳಿ ಹುಡುಕಿ, ವಾಪಸು ಬಂಡೆಗೆ ಬಂದಳು. ಮತ್ತೆ ದಾರಿಗೆ ಹೋದಳು. ಮತ್ತೆ ಎದ್ದು ನಿಂತಳು. ನಾಲ್ಕು ಸಲ ಎಣಿಸಿದೆ.

"ಡ್ಯಾನ್ಸ್ ಮಾಡ್ತೈತಿ ನೋಡ್ರಲೇ, ಡ್ಯಾನ್ಸ್" ಎಂದ ಒಬ್ಬ. ಚಪ್ಪಾಳೆ ಬಿತ್ತು. ಇನ್ನೊಬ್ಬ ಸೀಟಿ ಹೊಡೆದ, ತನ್ನ ಕಡೆ ತಿರುಗಲಿ ಎಂದು. ಒಬ್ಬಳು ಬಿಸ್ಕೆಟ್ ಪ್ಯಾಕು ಎಸೆದಳು, ಅದು ಅರ್ಧ ದಾರಿಯಲ್ಲೇ ಮುಳ್ಳಿಗೆ ಸಿಕ್ಕಿಕೊಂಡಿತು. ಮೂವತ್ತು ವರ್ಷ ಕ್ಲಾಸ್‌ರೂಮ್ ಆಳಿದ ನನಗೆ ಆವತ್ತು, ಸೈಲೆನ್ಸ್, ಎಂಬ ಒಂದು ಶಬ್ದ ಹೊರಡಲಿಲ್ಲ. ಬೈನಾಕ್ಯುಲರನ್ನು ಕಣ್ಣಿಗೊತ್ತಿಕೊಂಡು ಸಿಟ್ಟು ನುಂಗಿದೆ. ಆ ಸಿಟ್ಟು ಆಗಲೇ ಬಾಯಿಂದ ಹೊರಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಅಲ್ಲೇ ನಾಲ್ಕು ಜನರ ಎದುರು ಬೈದು, ನಾನೊಬ್ಬಳು ಹುಚ್ಚು ಮುದುಕಿ ಅನ್ನಿಸಿಕೊಂಡು ಮುಗಿಯುತ್ತಿತ್ತು. ಆದರೆ ನಾನು ವೆಲ್ ಬ್ರಾಟ್ ಅಪ್. ಸಿಟ್ಟನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಇಳಿದು ಬಂದೆ.

ಮರುದಿನ ಬೆಳಗಿನ ವಾಕಿಗೆ ಅತಿಥಿಗಳು ಯಾರೂ ಏಳಲಿಲ್ಲ. ನಾವಿಬ್ಬರೇ ವಾಚರ್ ಹಿಂದೆ ನಡೆದೆವು. ಅವನು ಹುತ್ತ ತೋರಿಸಲಿಲ್ಲ, ಬೀಜ ಬಿಡಿಸಲಿಲ್ಲ. ನಾನೇ ಕೇಳಿದೆ, ಮರಿ ಎಲ್ಲಿ.

ಬಂಡಿದಾರಿಯ ಒಂದು ತಿರುವಿನಲ್ಲಿ ನಿಂತ. ತಿಂಗಳಿಂದ ಕೆಳಗಿನ ಬಂಡೆಗೇ ಮೆತ್ತಬೇಕೆಂದು ಮೇಲಿನವರು ಫೋನಿನಲ್ಲಿ ಹೇಳಿದ್ದಾರೆ, ಗೆಸ್ಟುಗಳಿಗೆ ಫೋಟೋ ಚೆನ್ನಾಗಿ ಬರಬೇಕಂತೆ ಎಂದ. ಬೇಡ ಎಂದು ಎರಡು ಸಲ ಹೇಳಿದನಂತೆ. ಪಟ್ಟಿಯಲ್ಲಿ ಹೆಸರಿದೆಯಲ್ಲ, ಸುಮ್ಮನಿರು ಎಂದರಂತೆ. ಕರಡಿಗಳು ದಾರಿ ದಾಟಿ ಬಂಡೆಗೆ ಬರಲು ಶುರುವಾದವು. ಹತ್ತು ದಿನದ ಹಿಂದೆ ಮುಸ್ಸಂಜೆಯಲ್ಲಿ ತಾಯಿ ದಾಟಿದಳು. ಬೆನ್ನಿಂದ ಇಳಿದು ಹಿಂದೆ ಉಳಿದ ಮರಿ ಲಾರಿಗೆ ಸಿಕ್ಕಿತು. ಲಾರಿ ನಿಲ್ಲಲಿಲ್ಲ. ಕೆಂಪು ಮಣ್ಣಿನಲ್ಲಿ ರಕ್ತವೂ ಕಾಣಲಿಲ್ಲವಂತೆ. ಸದ್ದಿಲ್ಲದೆ ಹೂಳಲು ಹೇಳಿದರು, ಇವನೇ ಹೂತ.

"ನನ್ ಕೈಲೇ ಬೆಲ್ಲ ಹಚ್ಚೀನ್ರಿ, ನನ್ ಕೈಲೇ ಕುಣಿ ತೋಡೀನಿ" ಎಂದ. ಆಮೇಲೆ, "ನಿಮಗಂತ ಹೇಳೀನ್ರಿ ಟೀಚರಮ್ಮಾರ" ಎಂದ.

ನಿಮಗೆಂದು ಹೇಳಿದ್ದೇನೆ. ಆ ಮಾತನ್ನು ನಾನು ಹೇಗೆ ಕೇಳಿಸಿಕೊಂಡೆ ನೋಡಿ: ನೀವು ಓದಿದವರು, ನೀವೇ ಏನಾದರೂ ಮಾಡಬೇಕು ಎಂದು. ಅವನು ಹೇಳಿದ್ದು ಅದಲ್ಲ. ಎದೆಯಲ್ಲಿ ಇಟ್ಟುಕೊಳ್ಳಲಾರದೆ, ನಂಬುವ ಒಬ್ಬ ಹಿರಿಯಳ ಮುಂದೆ ಇಳಿಸಿದ, ಅಷ್ಟೇ. ಇದು ಅರ್ಥವಾಗಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಅವನ ಹದಿನೆಂಟು ವರ್ಷ ಹೋಯಿತು.

ಮನೆಗೆ ಬಂದವಳು ಸ್ನಾನ ಕೂಡ ಮಾಡದೆ ಬರೆಯಲು ಕೂತೆ. ಜಿಲ್ಲೆಯ ದೊಡ್ಡ ಅರಣ್ಯ ಕಚೇರಿಗೆ ಒಂದು, ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಅದರ ಪ್ರತಿ. ರೆಸ್ಪೆಕ್ಟೆಡ್ ಸರ್, ಇಟ್ ಈಸ್ ವಿತ್ ಡೀಪ್ ಆಂಗ್ವಿಶ್. ಕಾನ್ವೆಂಟಿನಲ್ಲಿ ನಮಗೆ ಲೆಟರ್ ರೈಟಿಂಗ್ ಕಲಿಸಿದ ಸಿಸ್ಟರ್ ಒಂದು ನಿಯಮ ಹಾಕಿದ್ದರು. ದೂರು ಬರೆಯುವಾಗ ಮೂಲ ಯಾವುದೆಂದು ಹೇಳಲೇಬೇಕು, ಮೂಲ ಇಲ್ಲದ ದೂರು ಗಾಸಿಪ್. ಹಾಗೆ ಬರೆಯದಿದ್ದವರ ಕಾಗದ ಹರಿದು ಬುಟ್ಟಿಗೆ ಹಾಕುತ್ತಿದ್ದರು. ನಾನೂ ಮೂವತ್ತು ವರ್ಷ ಅದನ್ನೇ ಕಲಿಸಿದೆ. ಆದ್ದರಿಂದ ಬರೆದೆ: ನಿಮ್ಮದೇ ಇಲಾಖೆಯ, ಹದಿನೆಂಟು ವರ್ಷ ನಿಷ್ಠೆಯಿಂದ ದುಡಿದ ವಾಚರ್ ನಮಗೆ ತಿಳಿಸಿದಂತೆ. ಅವನ ಬಗ್ಗೆ ಇನ್ನೂ ಎರಡು ಸಾಲು ಹೊಗಳಿದೆ. ಪರ್ಮನೆಂಟ್ ಆಗಲು ಸಹಾಯವಾಗಲಿ ಎಂದು. ಹೌದು, ಅದನ್ನೂ ಯೋಚಿಸಿದ್ದೆ.

ನಾದಿನಿಗೆ ಫೋನಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅತ್ತಿಗಿ, ಅಂವನ ಸುದ್ದಿ ತಗೀರಿ."

ತೆಗೆದರೆ ಲೆಟರಿಗೆ ಬೆಲೆ ಇರುವುದಿಲ್ಲ ಎಂದೆ.

"ನಮ್ ಮಿಲ್ಲಿನ ಮ್ಯಾಲೆ ಯಾರರ ಹಿಂಗ ಬರದ್ರು ಅಂತ ತಿಳ್ಕೊಳ್ರಿ. ನಾನು ಮೊದಲ ಏನ್ ಹುಡುಕ್ತೀನಿ ಹೇಳ್ಲೇನು? ಬರದಿದ್ದು ಖರೇನೋ ಸುಳ್ಳೋ ಅಂತಲ್ಲ. ಇದನ್ನ ಹೊರಗ ಹೇಳಿದಾಂವ ಯಾರು ಅಂತ."

ಸರ್ಕಾರ ನಿನ್ನ ಅಕ್ಕಿ ಗಿರಣಿ ಅಲ್ಲ ಎಂದು ನಾನು ನಕ್ಕೆ. ಎಂಥ ಸಿಲ್ಲಿ, ಎಂಥ ಸೊಕ್ಕಿನ ನಗು ಅದು. ಪೋಸ್ಟ್ ಮಾಡಲು ನಾನೇ ನಡೆದು ಹೋದೆ, ಕೊಡೆ ಹಿಡಿದುಕೊಂಡು, ಲಾರಿಗಳ ಸಂದಿಯಲ್ಲಿ ರಸ್ತೆ ದಾಟಿ.

ಮೂರನೇ ವಾರ ಪತ್ರಿಕೆಯಲ್ಲಿ ಅದು ಬಂತು. ಜಾಗ ಸಾಲದೆಂದು ಕತ್ತರಿಸಿದ್ದರು. ನಾಲ್ಕು ಬಿಳಿ ಗಾಡಿಗಳು ಹೋಗಿದ್ದವು. ಗಣಿ ಮಾಲೀಕರ ಅತಿಥಿಗಳು ಹೋಗಿದ್ದರು. ಅಡ್ಡದಾರಿಯ ಲಾರಿಗಳೂ ಹೋಗಿದ್ದವು. ಉಳಿದದ್ದು ಇಷ್ಟು: ಇಂಥ ಕಾಡಿನಲ್ಲಿ ಕರಡಿಗೆ ದಾರಿಯ ಪಕ್ಕದ ಬಂಡೆಯ ಮೇಲೆ ಬೆಲ್ಲ ಹಾಕಿದ್ದರಿಂದ ಮರಿಯೊಂದು ಸತ್ತಿದೆ ಎಂದು ಅಲ್ಲಿಯ ವಾಚರ್ ತಿಳಿಸಿದ್ದಾನೆ. ಕೆಳಗೆ ನನ್ನ ಹೆಸರು. ನಾನು ಅದನ್ನು ಎರಡು ಸಲ ಓದಿದೆ. ಮೊದಲ ಸಲ ಹೆಸರು ಬಂದ ಖುಷಿಗೆ. ಎರಡನೇ ಸಲ ಓದುವಾಗ ಬೆಲ್ಲ ಎಂಬ ಶಬ್ದದ ಮೇಲೆ ಕಣ್ಣು ನಿಂತಿತು. ಬೆಲ್ಲ ಹಾಕುವವನು ಯಾರು?

ಮರುದಿನವೇ ಕಚೇರಿಗೆ ಹೋದೆ. ಅಲ್ಲಿಯ ಸಾಹೇಬರು ನನ್ನನ್ನು ನೋಡಿ ಎದ್ದು ನಿಂತರು, ಕುಂದ್ರಿ ಎಂದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಅಂಥ ಮರ್ಯಾದೆಯ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿತ್ತು. ಮೇಜಿನ ಮೇಲೆ ನನ್ನ ಲೆಟರ್ ಇತ್ತು. ಅದರ ಮೂರು ಪುಟದಲ್ಲಿ ಒಂದೇ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಮೇಡಂ, ನಮ್ಮ ಮಕ್ಕಳಿಗೆ ಹೀಗೆ ಬರುವುದಿಲ್ಲ ಎಂದರು. ಆಮೇಲೆ ಆ್ಯಕ್ಷನ್ ತಗೊಂಡಾಗಿದೆ ಎಂದರು. ವಾಚರನನ್ನು ಕೆಲಸದಿಂದ ತೆಗೆದಿದ್ದಾರೆ. ತಪ್ಪು ಜಾಗದಲ್ಲಿ ಬೆಲ್ಲ ಹಾಕಿ ವನ್ಯಪ್ರಾಣಿಯ ಸಾವಿಗೆ ಕಾರಣನಾಗಿದ್ದಾನೆ, ಮೇಲಿನವರಿಗೆ ತಿಳಿಸದೆ ಹೂತಿದ್ದಾನೆ, ಹೊರಗಿನವರ ಮುಂದೆ ಬಾಯಿ ಬಿಟ್ಟಿದ್ದಾನೆ. ಪಟ್ಟಿಯಿಂದ ಹೆಸರು ಹೋಗಿದೆ.

ಫೋನಿನಲ್ಲಿ ಹೇಳಿದ್ದು ಯಾರು ಎಂದು ಕೇಳಿದೆ. ಫೋನಿಗೆ ದಾಖಲೆ ಇಲ್ಲ, ನಿಮ್ಮ ಲೆಟರಿಗೆ ಇದೆ ಎಂದರು. ಧ್ವನಿ ಏರಿಸಲಿಲ್ಲ.

ಆಗ ನಾನು ಹೇಳಿದೆ, ಆ ಲೆಟರ್ ಸುಳ್ಳು. ನಾನೇ ಕಟ್ಟಿ ಬರೆದದ್ದು. ವಾಚರ್ ನನಗೆ ಏನೂ ಹೇಳಿಲ್ಲ. ಬೇಕಾದರೆ ಈಗಲೇ ಬರೆದು ಸಹಿ ಹಾಕುತ್ತೇನೆ.

ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. "ಬರೀರಿ ಮೇಡಂ. ಸುಳ್ಳು ದೂರು ಅಂತ ನಿಮ್ ಮ್ಯಾಲೆ ಕೇಸ್ ಆಕ್ಕೈತಿ. ಪೇಪರಿನ್ಯಾಗ ಹಾಕಿಸೀರಿ, ಅದೂ ಸೇರ್ತೈತಿ. ಪೆನ್ಶನ್ ಐತಲ್ಲ ನಿಮಗ?"

ಪೆನ್ನು ಮೇಜಿನ ಮೇಲೆ ಸ್ವಲ್ಪ ಉರುಳಿ ನಿಂತಿತು. ನಾನು ಅದನ್ನು ನೋಡುತ್ತಾ ಕೂತೆ. ಇದನ್ನು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ. ನಾನು ಅದನ್ನು ಎತ್ತಿಕೊಳ್ಳಲಿಲ್ಲ. ಎದ್ದು ಬಂದೆ. ಅವರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಎಲ್ಲರ ಮೇಲೂ ನನಗೆ ಸಿಟ್ಟಿದೆ. ಚಪ್ಪಾಳೆ ತಟ್ಟಿದವರ ಮೇಲೆ, ಸೀಟಿ ಹೊಡೆದವನ ಮೇಲೆ, ಗುಡ್ಡ ಕೊರೆದು ಹಡಗಿಗೆ ತುಂಬಿದವರ ಮೇಲೆ, ಫ್ಯಾನು ತಿರುಗಿಸಿದ ಆ ಸಭ್ಯನ ಮೇಲೆ. ಆದರೆ ಅವರಿಗೆಲ್ಲ ಒಂದು ನೆಪವಾದರೂ ಇತ್ತು, ದುಡ್ಡು. ನನಗೇನಿತ್ತು? ಚಂದದ ವಾಕ್ಯ ಬರೆಯುವ ಚಟ ಮತ್ತು ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲ. ಸಿಸ್ಟರ್ ಮೇಲೆ ಕೂಡ ಸಿಟ್ಟು ಬರುತ್ತದೆ ಕೆಲವೊಮ್ಮೆ. ಮೂಲ ಹೇಳಬೇಕೆಂದು ಕಲಿಸಿದಿರಿ, ಆ ಮೂಲಕ್ಕೆ ಹೆಂಡತಿ ಇರುತ್ತಾಳೆ, ಅವಳಿಗೆ ಕೆಮ್ಮು ಇರುತ್ತದೆ ಎಂದು ಏಕೆ ಕಲಿಸಲಿಲ್ಲ?

ನಾದಿನಿ ಕಂಪ್ಲಿಯಿಂದ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಇಬ್ಬರೂ ಅವನ ಹಳ್ಳಿಗೆ ಹೋದೆವು. ಮನೆಯಲ್ಲಿ ಅವನಿರಲಿಲ್ಲ, ಕೆಲಸ ಹುಡುಕಿಕೊಂಡು ಸಂಡೂರಿಗೆ ಹೋಗಿದ್ದ. ಹೆಂಡತಿ ಆಗಷ್ಟೇ ಅದಿರಿನ ಕೆಲಸದಿಂದ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಹುಬ್ಬು, ರೆಪ್ಪೆ, ಕಿವಿಯ ಸುಳಿ, ಎಲ್ಲ ಕೆಂಪು. ನಾವು ಯಾರೆಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು. ನೀರು ಕೊಟ್ಟಳು. ನಾನು ಕ್ಷಮಿಸಮ್ಮ, ಅವನಿಗೆ ಒಳ್ಳೆಯದಾಗಲಿ ಎಂದೇ ಬರೆದದ್ದು ಎಂದೆ.

ಅವಳು ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದಳು. "ಬರದಿದ್ದು ತಪ್ಪಂತ ನಾ ಅನ್ನಂಗಿಲ್ರಿ. ಬರಿಲೇನು ಅಂತ ಒಂದ್ ಮಾತು ಅಂವನ್ನ ಕೇಳಬೇಕಿತ್ರಿ. ಅರ್ಜಿ ಬರ್ಯಾಕ ಅಂವ ನಿಮ್ಮನ್ನ ಕೇಳಿದ್ದನಿಲ್ಲೋ, ಹಂಗ."

ನಾದಿನಿ ಚೀಲದಿಂದ ಅಕ್ಕಿಯ ಪುಟ್ಟ ಮೂಟೆ ತೆಗೆದಿಟ್ಟಳು. ಆಕೆ ಬೇಡ ಎನ್ನಲಿಲ್ಲ, ಒಳಗೂ ಒಯ್ಯಲಿಲ್ಲ. ನಾವು ಬರುವಾಗ ಅದು ಕಟ್ಟೆಯ ಮೇಲೆಯೇ ಇತ್ತು.

ಆಮೇಲೆ ಕಾಡಿಗೆ ಹೋಗಲಿಲ್ಲ. ಹೊಸ ವಾಚರ್ ಬಂದನಂತೆ, ಕೆಲವು ದಿನ ಮೇಲಿನ ಬಂಡೆ, ಆಮೇಲೆ ಮತ್ತೆ ಕೆಳಗಿನದೇ ಅಂತೆ. ಬುಕಿಂಗ್ ಕೇಳಿದವರಿಗೆ ರಿಪೇರಿ ನಡೆದಿದೆ ಎನ್ನುತ್ತಿದ್ದರಂತೆ. ಹಿರೇಸೊಸಿ ಏನಾದಳೋ ಯಾರಿಗೂ ಗೊತ್ತಿಲ್ಲ, ಅವಳನ್ನು ಗುರುತು ಹಿಡಿಯುತ್ತಿದ್ದವನು ಒಬ್ಬನೇ.

ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಸಂಡೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಯಶವಂತನಗರ ದಾಟಿ, ಗಣಿಯ ದಾರಿ ಬಂದು ರಸ್ತೆಗೆ ಕೂಡುವಲ್ಲಿ ಬಸ್ಸು ನಿಂತಿತು. ಹಸಿರು ಬಾವುಟವನ್ನು ಕಂಕುಳಲ್ಲಿಟ್ಟು ಕೆಂಪು ಬಾವುಟ ಹಿಡಿದವನೊಬ್ಬ ರಸ್ತೆಗೆ ಅಡ್ಡ ನಿಂತು ಅದಿರಿನ ಲಾರಿಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದ. ಮೂಗು ಬಾಯಿಗೆ ಟವೆಲ್ ಸುತ್ತಿದ್ದ, ಎದೆಗೆ ಕಂಪನಿಯ ಹಳದಿ ಪಟ್ಟಿ. ಮುಖ ಕಾಣಲಿಲ್ಲ. ಬಾವುಟದ ಕೋಲನ್ನು ಸುತ್ತಿ ಹಿಡಿದ ಆ ಅಗಲವಾದ ಅಂಗೈ ಕಂಡಿತು.

ಕಿಟಕಿಯಿಂದ ಕೈ ಹೊರಗೆ ಹಾಕಿ ಕರೆದೆ. ಏನೆಂದು ಕರೆದೆನೋ ನೆನಪಿಲ್ಲ. ಅವನು ತಿರುಗಿ ನೋಡಿ, ಎರಡು ಹೆಜ್ಜೆ ಬಂದು, ಟವೆಲ್ಲನ್ನು ಗದ್ದಕ್ಕಿಳಿಸಿದ.

"ಆರಾಮದೀರೇನ್ರಿ ಟೀಚರಮ್ಮಾರ."

ಆರಾಮ ಎಂದೆ. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ. ಈಗ ಕೆಲಸಕ್ಕೆ ಹೋಗುವುದಿಲ್ಲ, ಆಗುವುದಿಲ್ಲ ಎಂದ. ತಾನಿಲ್ಲಿ ದಿನಕ್ಕೆ ಹನ್ನೆರಡು ತಾಸು ನಿಲ್ಲುತ್ತೇನೆ ಎಂದ. ದೂರಿನ ದನಿಯಲ್ಲಿ ಅಲ್ಲ, ಹುತ್ತದ ಮುಂದೆ ಕೂತು ಕರಡಿ ಎಷ್ಟು ಹೊತ್ತು ಇತ್ತು ಎಂದು ಹೇಳುತ್ತಿದ್ದ ಅದೇ ದನಿಯಲ್ಲಿ. ನಾನು ಎರಡು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಕನ್ನಡದಲ್ಲೂ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡು, "ನಿನ್ನ ಕೇಳಬೇಕಿತ್ತಪ್ಪಾ" ಎಂದಷ್ಟೇ ಅಂದೆ. ಆ ಹೊತ್ತಿಗೆ ಲಾರಿಯೊಂದು ನಮ್ಮ ನಡುವೆ ಗೇರು ಬದಲಿಸುತ್ತಾ ಹೋಯಿತು.

ಕೇಳಿಸಿತೋ ಇಲ್ಲವೋ ತಿಳಿಯದು. ಲಾರಿ ಸರಿದಾಗ ಅವನು ಟವೆಲ್ಲನ್ನು ಮತ್ತೆ ಮೂಗಿನ ಮೇಲೆ ಏರಿಸಿದ್ದ. ನಮ್ಮ ಡ್ರೈವರಿಗೆ ಹಸಿರು ಬಾವುಟ ತೋರಿಸಿ, ಬೆನ್ನು ತಿರುಗಿಸಿ, ಗುಡ್ಡದಿಂದ ಇಳಿಯುತ್ತಿದ್ದ ಮುಂದಿನ ಲಾರಿಗೆ ಕೆಂಪು ಎತ್ತಿ ಹಿಡಿದ.